ತಮ್ಮನ ಸಾಲ, ದೇವರ ಮೇಲೆ ಸಿಟ್ಟು

ಪ್ರಶ್ನೆ: ನನಗೆ 47 ವರ್ಷ. ತಮ್ಮನ ಸಾಲಕ್ಕೆ ಜಾಮೀನು ನಿಂತಿದ್ದೆ. ಅವನು ಕಂತು ನಿಲ್ಲಿಸಿದ, ನೋಟಿಸ್ ನನಗೆ ಬಂತು. ಒಡವೆ ಮಾರಿ ತೀರಿಸಿದೆ. ಅಂಗಡಿಗೆ ಹೋಗುವಾಗ ಗಂಡ ಒಂದು ಮಾತೂ ಆಡದೆ ಜೊತೆಗೆ ಬಂದರು. ಈಗ ತಮ್ಮ ಫೋನ್ ಎತ್ತುವುದಿಲ್ಲ. ಈ ಸಲ ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನವೂ ಬರಲಿಲ್ಲ. ‘ದೇವರು ಪರೀಕ್ಷೆ ಮಾಡ್ತಿದ್ದಾನೆ’ ಅಂತಾರೆ ಅತ್ತೆ. ದೀಪ ಹಚ್ಚಲು ಕೈ ಏಳುತ್ತಿಲ್ಲ. ದೇವರು ನನ್ನನ್ನು ಮರೆತನಾ? ಹೀಗೆ ಕೇಳುವುದೂ ಪಾಪವಾ?

ಉತ್ತರ: ಪಾಪ ಏನೂ ಇಲ್ಲ. ದೇವರನ್ನು ಬೈಯುವುದು ನಮ್ಮಲ್ಲಿ ಹೊಸದಲ್ಲ. ದಾಸರು ನಿಂದಾಸ್ತುತಿ ಅಂತಲೇ ಹಾಡಿದ್ದಾರೆ. ಇಲ್ಲದವನ ಜೊತೆ ಯಾರೂ ಜಗಳ ಆಡುವುದಿಲ್ಲ, ಅಲ್ವಾ?

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ತಮ್ಮನ ಬಗ್ಗೆ ಒಂದೇ ಒಂದು ಗಟ್ಟಿ ಮಾತಿಲ್ಲ. ಸಿಟ್ಟೆಲ್ಲ ದೇವರ ಪಾಲಿಗೆ ಹೋಗಿದೆ. ತಮ್ಮನನ್ನು ಬೈದರೆ ಇರುವ ತವರೂ ಕೈತಪ್ಪೀತು ಅನ್ನುವ ಭಯ ಇರಬೇಕು. ದೇವರಾದರೆ ಬೈಸಿಕೊಂಡು ಸುಮ್ನೆ ಕೂತಿರುತ್ತಾನೆ. ಬೈಸಿಕೊಳ್ಳಲಿ ಬಿಡಿ. ಆದರೆ ಸಾಲ ತೆಗೆದವನು ಅವನಲ್ಲ. ಅತ್ತೆಯವರ ‘ಪರೀಕ್ಷೆ’ ಮಾತು ನನಗೆ ಹಿಡಿಸದೆ ಇರುವುದೂ ಇದಕ್ಕೇ. ಎಲ್ಲವನ್ನೂ ದೇವರ ತಲೆಗೆ ಕಟ್ಟಿದರೆ ತಮ್ಮ ಆರಾಮಾಗಿ ಪಾರಾಗುತ್ತಾನೆ.

ಅವನಿಗೆ ಒಂದು ಕಾಗದ ಬರೆಯಿರಿ. ಎಷ್ಟು ಕಟ್ಟಿದೆ, ನೀನು ಯಾವಾಗ ಕೊಡ್ತೀಯ, ಇಷ್ಟೇ. ಬೈಗುಳ ಬೇಡ, ಲೆಕ್ಕ ಸಾಕು. ಹಣ ಕಟ್ಟಿದ ರಸೀದಿಗಳನ್ನು ಜೋಪಾನವಾಗಿ ಎತ್ತಿಡಿ. 1872ರ ಕರಾರು ಕಾಯ್ದೆ ಪ್ರಕಾರ, ಜಾಮೀನುದಾರರು ಕಟ್ಟಿದ ಹಣವನ್ನು ಸಾಲಗಾರನಿಂದ ವಸೂಲಿ ಮಾಡಬಹುದು. ಕಟ್ಟಿದ ದಿನದಿಂದ 3 ವರ್ಷದೊಳಗೆ ದಾವೆ ಹೂಡಬೇಕು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ, ಆದಾಯ ಎಷ್ಟೇ ಇದ್ದರೂ, ವಕೀಲರ ನೆರವು ಉಚಿತ. ನಾಳೆಯೇ ಕೋರ್ಟಿಗೆ ಹೋಗಿ ಅಂತ ಹೇಳುತ್ತಿಲ್ಲ. ದಾರಿ ಇದೆ ಅಂತ ಗೊತ್ತಿದ್ದರೆ ನಿದ್ದೆ ಸ್ವಲ್ಪ ಚೆನ್ನಾಗಿ ಬರುತ್ತದೆ.

ದೇವರು ಮರೆತನಾ ಅಂತ ಕೇಳಿದಿರಿ. ಅವನ ಪರವಾಗಿ ನಾನು ಹೇಗೆ ಹೇಳಲಿ? ಆದರೆ ಆ ದಿನ ಅಂಗಡಿಗೆ ನೀವೊಬ್ಬರೇ ಹೋಗಲಿಲ್ಲ. ಅದನ್ನು ನೀವೇ ಬರೆದಿದ್ದೀರಿ, ಬರೆದು ಸುಮ್ನೆ ದಾಟಿಬಿಟ್ಟಿದ್ದೀರಿ.

ಕೈ ಏಳದ ದಿನ ದೀಪ ಹಚ್ಚಬೇಡಿ. ಗೌರಿಯ ಮುಂದೆ ಐದು ನಿಮಿಷ ಕೂತು ಬಾಯಿಗೆ ಬಂದದ್ದು ಹೇಳಿಕೊಳ್ಳಿ. ಅವಳೂ ತವರಿಗೆ ಬರುವುದು ವರ್ಷಕ್ಕೊಂದು ಸಲ. ಮರುದಿನವೇ ಮಗ ಕರೆಯಲು ಬಂದುಬಿಡುತ್ತಾನೆ. ತವರಿನ ಆಸೆ ಏನೆಂದು ಅವಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅತ್ತೆ ಏನು ಮಾಡ್ತಿದ್ದೀಯ ಅಂತ ಕೇಳಿದರೆ, ನಾವಿಬ್ಬರೂ ಮಾತಾಡ್ತಿದ್ದೀವಿ ಅನ್ನಿ.