ಕೆಸರಿನಲ್ಲಿ ಟವರ್ ನಿಲ್ಲಿಸುವವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಜೌಗು ಪ್ರದೇಶದ ನಡುವೆ 5 ಮೀಟರ್ ಟವರ್ ನಿಲ್ಲಿಸಿ ಗಾಳಿ, ನೀರಾವಿ, ಇಂಗಾಲದ ಡೈಆಕ್ಸೈಡ್ ಅಳೆಯಬೇಕಿದೆ. ಮೇಲಿನ ಎರಡು ಮೀಟರ್ ಪೂರ್ತಿ ಪೀಟ್ ಮಣ್ಣು; ಕಾಲಿಟ್ಟರೆ ಮೊಣಕಾಲವರೆಗೆ ಇಳಿಯುತ್ತದೆ. ಕಾಂಕ್ರೀಟ್ ತಳಪಾಯ ಹಾಕಿದರೆ ಸಾಕೇ?

ಉತ್ತರ: ಕಾಂಕ್ರೀಟ್ ಬೇಡವೇ ಬೇಡ. ಒಂದು ಘನ ಮೀಟರ್ ಕಾಂಕ್ರೀಟ್ ಸುಮಾರು 2,400 ಕೆ.ಜಿ. ತೂಗುತ್ತದೆ. ಪೀಟ್ ಎಂದರೆ ಅರೆಕೊಳೆತ ಗಿಡಗಂಟಿ, ಮಿಕ್ಕಿದ್ದೆಲ್ಲ ನೀರು. ಮೇಲೆ ಭಾರ ಕೂತರೆ ನೀರು ಹಿಂಡಿಕೊಂಡು ಹೊರಬಂದು ನೆಲ ಕುಸಿಯುತ್ತದೆ, ಅದೂ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ.

ಮೊದಲು ನೆಲ ಚುಚ್ಚಿ ನೋಡಿ. 12 ಮಿ.ಮೀ. ಕಬ್ಬಿಣದ ಸರಳನ್ನು ಟವರಿನ ಪ್ರತಿ ಕಾಲು ಬರುವಲ್ಲಿ, ಟವರನ್ನು ಬದಿಗಳಿಂದ ಎಳೆದು ಹಿಡಿಯುವ ಸ್ಟೇ ತಂತಿಯ ಪ್ರತಿ ಗೂಟ ಬರುವಲ್ಲಿ ಕೈಯಿಂದಲೇ ಒತ್ತಿ, ಎಷ್ಟು ಆಳಕ್ಕೆ ತಡೆಯಿತು ಎಂದು ಬರೆದುಕೊಳ್ಳಿ. ನಾಲ್ಕೇ ಹೆಜ್ಜೆ ಅಂತರದಲ್ಲಿ ಅರ್ಧ ಮೀಟರ್ ವ್ಯತ್ಯಾಸ ಬಂದರೂ ಆಶ್ಚರ್ಯಪಡಬೇಡಿ. ಈ ಎತ್ತರಕ್ಕೆ ಮೂರು ಸ್ಕ್ರೂ ಪೈಲ್ ಸಾಕು. ಇದು ತುದಿಯಲ್ಲಿ ಸುರುಳಿ ತಟ್ಟೆ ಇರುವ ಗ್ಯಾಲ್ವನೈಸ್ಡ್ ಪೈಪು. ಮೇಲೆ ಅಡ್ಡ ಸರಳು ಹಾಕಿ ಇಬ್ಬರು ತಿರುಗಿಸುತ್ತಾ ಇಳಿಸಬೇಕು. ತಟ್ಟೆ ಪೀಟ್ ದಾಟಿ ಕೆಳಗಿನ ಗಟ್ಟಿ ಜೇಡಿಗೆ ಕನಿಷ್ಠ ಒಂದು ಮೀಟರ್ ಹೊಕ್ಕಿರಬೇಕು, ತಿರುಗಿಸುವ ಬಿಗಿ ಕೊನೆಯವರೆಗೂ ಏರುತ್ತಲೇ ಇರಬೇಕು. ಬಿಗಿ ಏರಿ ಮತ್ತೆ ಸಡಿಲವಾದರೆ ತಟ್ಟೆ ಮಣ್ಣನ್ನು ಕಡೆಯುತ್ತಿದೆ ಎಂದರ್ಥ. ಆ ಜಾಗ ಬಿಟ್ಟು ಪಕ್ಕಕ್ಕೆ ಹೋಗಿ. ಆಮೇಲೆ ಮೂರರ ತಲೆಯನ್ನೂ ರಸಮಟ್ಟ ಹಿಡಿದು ಒಂದೇ ಮಟ್ಟಕ್ಕೆ ಕತ್ತರಿಸಿ ಚೌಕಟ್ಟು ಕೂರಿಸಿ.

ಸ್ಟೇ ತಂತಿಯ ಗೂಟಗಳೂ ಜೇಡಿಗೇ ಇಳಿಯಬೇಕು. ಹೆಚ್ಚಿನವರು ಎಡವುವುದು ಇಲ್ಲೇ: ಕಾಲುಗಳಿಗೆ ಇಷ್ಟೆಲ್ಲ ಮಾಡಿ ಗೂಟವನ್ನು ಪೀಟಿಗೆ ಹೊಡೆದು ಸುಮ್ಮನಾಗುತ್ತಾರೆ, ಮೊದಲ ಬಿರುಗಾಳಿಗೆ ಅದು ಕಿತ್ತು ಬರುತ್ತದೆ. 120 ಡಿಗ್ರಿ ಅಂತರದಲ್ಲಿ ಮೂರು ತಂತಿ, ಟವರ್ ಎತ್ತರದ ಶೇ. 60ರಿಂದ 80ರಷ್ಟು ದೂರದಲ್ಲಿ ಗೂಟ. ಬಿಗಿತ ತಂತಿಯ ಮುರಿಭಾರದ ಶೇ. 10ರ ಆಸುಪಾಸು ಇರಲಿ. ಅತಿಯಾಗಿ ಬಿಗಿದರೆ ತಂತಿಯೇ ಟವರನ್ನು ಕೆಳಕ್ಕೆ ಒತ್ತುತ್ತದೆ. ಮೊದಲ ತಿಂಗಳಲ್ಲಿ ಒಮ್ಮೆಯಾದರೂ ಟರ್ನ್‌ಬಕಲ್ (ತಂತಿ ಬಿಗಿಮಾಡುವ ತಿರುಪು) ಸರಿಮಾಡಬೇಕಾಗುತ್ತದೆ. ನೀರುಹಕ್ಕಿಗಳು ಮುಸ್ಸಂಜೆಯಲ್ಲಿ ತಂತಿಗೆ ಬಡಿಯುವುದರಿಂದ ಕಣ್ಣಿಗೆ ಕಾಣುವ ಬಿಲ್ಲೆಗಳನ್ನು ತೂಗುಹಾಕಿ.

ಇಷ್ಟಾದರೂ ಟವರ್ ತುಸು ವಾಲಬಹುದು. ಸ್ಥಿರವಾದ ವಾಲುವಿಕೆಯನ್ನು ಲೆಕ್ಕದಲ್ಲಿ ತಿದ್ದಬಹುದು, ವಾರದಿಂದ ವಾರಕ್ಕೆ ಬದಲಾಗುವುದನ್ನು ತಿದ್ದುವುದು ಕಷ್ಟ. ಗಾಳಿಮಾಪಕದ ಪಕ್ಕದಲ್ಲೇ ವಾಲುವಿಕೆ ಅಳೆಯುವ ಒಂದು ಇನ್‌ಕ್ಲಿನೋಮೀಟರ್ ಕಟ್ಟಿಬಿಡಿ.

ಪ್ರಶ್ನೆ: ನಮ್ಮಲ್ಲಿ ಜೊಂಡು 2 ಮೀಟರ್ ಬೆಳೆಯುತ್ತದೆ. ಗಾಳಿ ಬೀಸಿ ಬರುವ ದಿಕ್ಕಿನಲ್ಲಿ ಜೌಗು 300 ಮೀಟರ್ ಮಾತ್ರ ಇದೆ. ಉಪಕರಣ ಎಷ್ಟು ಎತ್ತರದಲ್ಲಿರಬೇಕು?

ಉತ್ತರ: ಗಿಡದ ಎತ್ತರದ ಒಂದೂವರೆಯಿಂದ ಎರಡು ಪಟ್ಟು ಮೇಲಿದ್ದರೆ ಎಲೆಗಳ ಸುಳಿಗಾಳಿ ತಟ್ಟುವುದಿಲ್ಲ. ನಿಮಗೆ 4 ಮೀಟರ್ ಎನ್ನೋಣ. ಉಪಕರಣ ಗಾಳಿ ಬರುವ ಕಡೆ ಎಷ್ಟು ದೂರದ ನೆಲವನ್ನು ಅಳೆಯುತ್ತದೆ ಎಂಬ ಲೆಕ್ಕಕ್ಕೆ ಆ ಎತ್ತರದಿಂದ ಗಿಡದ ಎತ್ತರದ ಮೂರರಲ್ಲೆರಡು ಭಾಗ, ಅಂದರೆ 1.3 ಮೀಟರ್ ಕಳೆಯಬೇಕು. ಉಳಿದ 2.7ನ್ನು ನೂರರಿಂದ ಗುಣಿಸಿದರೆ 270 ಮೀಟರ್. ಹಗಲಿಗೆ ಜೌಗು ಸಾಕಾಗುತ್ತದೆ, ಅದೂ ಅಷ್ಟಕ್ಕಷ್ಟೇ. ರಾತ್ರಿ ಗಾಳಿ ತಣಿದು ನಿಂತಾಗ ಅಳತೆ ಇನ್ನೂ ದೂರದ ನೆಲವನ್ನು ಸೇರಿಸಿಕೊಳ್ಳುತ್ತದೆ. ಆ ಹೊತ್ತಿನ ಅಂಕಿಗಳನ್ನು ಜರಡಿ ಹಿಡಿಯಲೇಬೇಕು.

ಪ್ರಶ್ನೆ: ಒಳಬಂದ ವಿಕಿರಣದಲ್ಲಿ ಹೊರಹೋದದ್ದು ಕಳೆದು ಉಳಿದದ್ದು ಒಂದು, ನಾವು ಅಳೆದ ಶಾಖ ಮತ್ತು ಆವಿಯ ಮೊತ್ತ ಇನ್ನೊಂದು; ಎರಡೂ ಹೊಂದಬೇಕಿತ್ತು. ಬೆಳಗಿನ ಹೊತ್ತು ನೂರಾರು ವಾಟ್ ಕೊರತೆ. ಸೆನ್ಸರ್ ಕೆಟ್ಟಿದೆಯೇ?

ಉತ್ತರ: ಸೆನ್ಸರ್ ಬಿಚ್ಚುವ ಮೊದಲು ನೀರನ್ನು ನೋಡಿ. 30 ಸೆಂ.ಮೀ. ಆಳದ ನೀರು ಗಂಟೆಗೆ 1 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಪ್ರತಿ ಚದರ ಮೀಟರಿಗೆ ಸುಮಾರು 350 ವಾಟ್ ಅದರೊಳಗೇ ಕೂತಿರುತ್ತದೆ. ಮಣ್ಣಿಗಿಳಿಯುವ ಶಾಖ ಅಳೆಯಲು ಹೂತ ತಟ್ಟೆ ಇದನ್ನು ಕಾಣುವುದಿಲ್ಲ. ನೀರಿನ ಮೇಲ್ಪದರ, ನಡು, ತಳದಲ್ಲಿ ಒಂದೊಂದು ತಾಪಮಾಪಕ ಇಟ್ಟು, ನೀರಿನ ಮಟ್ಟದೊಂದಿಗೆ ಸೇರಿಸಿ ಲೆಕ್ಕ ಹಾಕಿ. ಕೊರತೆಯ ದೊಡ್ಡ ಪಾಲು ಅಲ್ಲೇ ಸಿಗುತ್ತದೆ.

ಪ್ರಶ್ನೆ: ನೀರಿನ ಮಟ್ಟ ಮಳೆಯಿಲ್ಲದೆಯೂ 10 ಸೆಂ.ಮೀ. ಏರಿಳಿಯುತ್ತದೆ. ಏಕೆ?

ಉತ್ತರ: ನೀರಿನ ಮಟ್ಟಕ್ಕೆಂದು ಮುಳುಗಿಸಿದ, ಗಾಳಿಕೊಳವೆ ಇಲ್ಲದ ಒತ್ತಡಮಾಪಕ ವಾತಾವರಣದ ಒತ್ತಡವನ್ನೂ ಕೂಡಿಸಿ ಹೇಳುತ್ತದೆ. 1 ಹೆಕ್ಟೊಪಾಸ್ಕಲ್ ಅಂದರೆ ಹೆಚ್ಚುಕಡಿಮೆ 1 ಸೆಂ.ಮೀ. ನೀರು. ಟವರಿನ ವಾಯುಭಾರಮಾಪಕದ ಅಂಕಿ ಕಳೆಯಿರಿ. ಅದಾದ ಮೇಲೂ ಏರಿಳಿತ ಉಳಿದರೆ ಮಾಪಕ ಇಳಿಸಿದ ಕೊಳವೆ ಪೀಟಿನಲ್ಲೇ ನಿಂತಿದೆಯೇ ನೋಡಿ. ನೀರು ಹೆಚ್ಚಾದಾಗ ಪೀಟಿನ ಮೇಲ್ಮೈ ತಾನೇ ಉಬ್ಬುತ್ತದೆ, ಕಡಿಮೆಯಾದಾಗ ಇಳಿಯುತ್ತದೆ. ಕೊಳವೆಯೂ ಜೊತೆಗೇ ಹೋಗುತ್ತದೆ. ಅದನ್ನು ಜೇಡಿಗೆ ಊರಿ, ಮೇಲ್ಮೈಯ ಏರಿಳಿತವನ್ನು ಪ್ರತ್ಯೇಕ ಅಳತೆಕೋಲಿನಲ್ಲಿ ಬರೆದಿಡಿ.

ಪ್ರಶ್ನೆ: ಎಲ್ಲ ಸೇರಿ 20 ವಾಟ್ ಬಳಕೆ. 100 ವಾಟ್ ಸೌರಫಲಕ, 100 ಆಂಪಿಯರ್-ಅವರ್ ಬ್ಯಾಟರಿ ಸಾಕೇ?

ಉತ್ತರ: ಸಾಲದು. ದಿನಕ್ಕೆ 480 ವಾಟ್-ಅವರ್, 12 ವೋಲ್ಟಿನಲ್ಲಿ 40 ಆಂಪಿಯರ್-ಅವರ್. ಐದು ದಿನ ಮೋಡ ಎಂದರೆ 200. ಲೆಡ್-ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಇಳಿಸಬಾರದು, ಹಾಗಾಗಿ 400 ಬೇಕು. ಫಲಕಕ್ಕೆ ವರ್ಷದ ಅತಿ ಕಡಿಮೆ ಬಿಸಿಲಿನ ತಿಂಗಳು ಹಿಡಿಯಿರಿ: ದಿನಕ್ಕೆ 4 ಗಂಟೆಯಷ್ಟು ಪೂರ್ಣ ಬಿಸಿಲು, ಶೇ. 30 ನಷ್ಟ ಎಂದರೆ 170 ವಾಟ್ ಬರುತ್ತದೆ. ಆದರೆ ಇದು ದಿನದ ಖರ್ಚಿಗೆ ಮಾತ್ರ. ಖಾಲಿಯಾದ ಬ್ಯಾಟರಿ ಮತ್ತೆ ತುಂಬಲು 300ಕ್ಕೂ ಮೇಲಿರಲಿ.

ಆ ಫಲಕವನ್ನು ಟವರಿಗೆ ಕಟ್ಟಬೇಡಿ. ಅದು ಹಾಯಿಯಂತೆ ಗಾಳಿ ಹಿಡಿಯುತ್ತದೆ, ಅಳೆಯಬೇಕಾದ ಗಾಳಿಯನ್ನೂ ಕೆಡಿಸುತ್ತದೆ. 400 ಆಂಪಿಯರ್-ಅವರ್ ಬ್ಯಾಟರಿ ನೂರು ಕೆ.ಜಿ. ಮೀರುತ್ತದೆ, ಅದಕ್ಕೂ ಬೇರೆ ಪೈಲ್ ಬೇಕು. ಎರಡನ್ನೂ ಗಾಳಿ ಹೆಚ್ಚಾಗಿ ಬರದ ಬದಿಯಲ್ಲಿ, ಗೊತ್ತಿರುವ ಅತಿ ಎತ್ತರದ ನೆರೆಮಟ್ಟಕ್ಕಿಂತ ಅರ್ಧ ಮೀಟರ್ ಮೇಲೆ ಇಡಿ. ಬ್ಯಾಟರಿ ಪೆಟ್ಟಿಗೆಗೆ ಗಾಳಿಕಿಂಡಿ ಇರಲಿ, ಜಲಜನಕ ಹೊರಹೋಗಬೇಕು. ಅಂಕಿ ದಾಖಲಿಸುವ ಲಾಗರಿನ ಪೆಟ್ಟಿಗೆ ಮಾತ್ರ ಬಿಗಿಯಾಗಿ ಮುಚ್ಚಿದ್ದು, ಒಳಗೆ ಸಿಲಿಕಾ ಜೆಲ್ ಇರಬೇಕು. ಇವೆರಡನ್ನು ಒಂದೇ ಪೆಟ್ಟಿಗೆಯಲ್ಲಿ ತುರುಕುವುದು ಉಳಿತಾಯವಲ್ಲ.

ಪ್ರಶ್ನೆ: ನಾವು ಹೋದ ದಿನವೇ ಮೀಥೇನ್ ಅಂಕಿ ಜಿಗಿಯುತ್ತದೆ.

ಉತ್ತರ: ನಿಮ್ಮ ಕಾಲಡಿಯ ಗುಳ್ಳೆಗಳೇ ಅವು. ಗಾಳಿಯ ಇಳಿಬದಿಯಿಂದ, ಗೂಟದ ಮೇಲೆ ಹಲಗೆಯ ಕಾಲುಸಂಕ ಹಾಕಿ, ಕೆಸರು ಮುಟ್ಟದೆ ಬನ್ನಿ. ಭೇಟಿಯ ಸಮಯ ಬರೆದಿಟ್ಟು ಆ ಅರ್ಧಗಂಟೆಗಳ ಅಂಕಿಗಳನ್ನು ಕೈಬಿಡಿ.

ಪ್ರಶ್ನೆ: ಪ್ರತಿ ಮುಂಜಾನೆ ಗ್ಯಾಸ್ ಅನಲೈಸರ್ ಅಸಂಬದ್ಧ ಅಂಕಿ ಕೊಡುತ್ತದೆ, ಒಂಬತ್ತಕ್ಕೆ ಸರಿಹೋಗುತ್ತದೆ.

ಉತ್ತರ: ಇಬ್ಬನಿ. ತೆರೆದ ಗಾಳಿಯಲ್ಲೇ ಬೆಳಕು ಹಾಯಿಸಿ ಅಳೆಯುವ (ತೆರೆದ ಪಥದ) ಅನಲೈಸರಿನ ಗಾಜಿನ ಮೇಲೆ ಹನಿ ನಿಂತಿದೆ. ಉಪಕರಣವನ್ನು 10–15 ಡಿಗ್ರಿ ಓರೆಯಾಗಿ ಕೂರಿಸಿದರೆ ಹನಿ ಅಂಚಿಗೆ ಜಾರುತ್ತದೆ. ಪಕ್ಕದ ಸೋನಿಕ್ (ಶಬ್ದದ ಅಲೆಯಿಂದ ಅಳೆಯುವ) ಗಾಳಿಮಾಪಕವನ್ನು ಮಾತ್ರ ಓರೆ ಮಾಡಬೇಡಿ. ಅದರ ಕೈಗಳ ನಡುವಿನ ಜೇಡರಬಲೆ ತೆಗೆದರೆ ಸಾಕು.