ಹುಷಾರಾದ ಮೇಲೂ ಮಾತ್ರೆ ಬೇಕಾ ಮೇಡಂ?

ಖಿನ್ನತೆಗೆ ಮಾತಿನ ಚಿಕಿತ್ಸೆ ಪಡೆಯಲು ನನ್ನ ಬಳಿ ಬಂದ ಇವರನ್ನು ಸುಮಿತ್ರಾ ಎನ್ನೋಣ. ಹೆಸರು, ಗುರುತು ಬದಲಿಸಿದ್ದೇನೆ. ಮೂಡಿಗೆರೆ ಕಡೆಯವರು, ವಯಸ್ಸು 40ರ ಆಸುಪಾಸು. ಸ್ವಲ್ಪ ಕಾಫಿ ತೋಟ, ಮರಗಳಿಗೆ ಹಬ್ಬಿಸಿದ ಮೆಣಸು, ಕೈತುಂಬ ಕೆಲಸ. ಮಳೆಗಾಲದಲ್ಲಿ ಶುರುವಾದ ಬೇಸರ ಕಾಫಿ ಕೊಯ್ಲಿನ ಹೊತ್ತಿಗೂ ಹೋಗಿರಲಿಲ್ಲ. ಬೆಳಗಿನ ಜಾವ 3 ಗಂಟೆಗೇ ಎಚ್ಚರ. ಊಟ ಸೇರುತ್ತಿರಲಿಲ್ಲ. ಕೂಲಿ ಲೆಕ್ಕ ಬರೆಯಲು ಕೂತರೆ ಕೂಡುವುದೇ ತಪ್ಪುತ್ತಿತ್ತು.

ಕೆಲವು ವರ್ಷಗಳ ಹಿಂದೆಯೂ ಹೀಗೇ ಆಗಿತ್ತು. ಆಗ ಮನೋವೈದ್ಯರು ಕೊಟ್ಟ ಮಾತ್ರೆಯಿಂದ ಗುಣ ಕಂಡಿತು. ಆದರೆ ಹುಷಾರಾದ ಕೂಡಲೇ ನಿಲ್ಲಿಸಿಬಿಟ್ಟರು. "ಸುಮ್ನೆ ಯಾಕೆ ನುಂಗ್ತೀಯ, ಅಭ್ಯಾಸ ಆಗಿಬಿಡುತ್ತೆ ಅಂತ ಅತ್ತೆ ಹೇಳಿದ್ರು ಮೇಡಂ. ಈ ಸಲ ಮಾತಾಡಿಯೇ ಸರಿ ಮಾಡಿಕೊಳ್ತೀನಿ" ಎಂದರು.

ಸಾಯಬೇಕು ಅನಿಸುತ್ತದೆಯೇ ಎಂದು ನೇರವಾಗಿ ಕೇಳಿದೆ. ಹೀಗೆ ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಎಂಬ ಭಯ ಬೇಡ. ಕೇಳಿದರೆ ಹೊರೆ ಇಳಿದಂತಾಗುತ್ತದೆ. "ಬೆಳಗಾಗದೇ ಇದ್ರೆ ಸಾಕು ಅನಿಸುತ್ತೆ" ಎಂದು ಅತ್ತರು. ತೋಟದ ಔಷಧಿಗಳನ್ನೆಲ್ಲ ಬೀಗ ಹಾಕಿಟ್ಟು ಕೀಲಿ ತಮ್ಮ ಬಳಿಯೇ ಇಟ್ಟುಕೊಳ್ಳಲು ಅವರ ಯಜಮಾನರಿಗೆ ಅಂದೇ ಹೇಳಿದೆ.

ಖಿನ್ನತೆ ಹಗುರವಾಗಿದ್ದರೆ ಮಾತಿನ ಚಿಕಿತ್ಸೆಯೊಂದೇ ಸಾಕಾಗಬಹುದು. ನಿದ್ದೆ, ಊಟ, ಕೆಲಸ ಮೂರೂ ಕೆಟ್ಟು, ಎರಡನೇ ಸಲ ಬಂದಿರುವಾಗ ಮಾತು, ಮಾತ್ರೆ ಎರಡೂ ಜೊತೆಗಿದ್ದರೆ ಫಲ ಜಾಸ್ತಿ. ಮಾತ್ರೆ ಬರೆಯುವುದು ವೈದ್ಯರ ಕೆಲಸ, ಹಾಗಾಗಿ ಮನೋವೈದ್ಯರ ಬಳಿ ಕಳಿಸಿದೆ. ಅವರು ಥೈರಾಯ್ಡ್, ರಕ್ತದ ಪರೀಕ್ಷೆಯನ್ನೂ ಮಾಡಿಸಿದರು. ಗುಣ ಕಾಣಲು 2ರಿಂದ 4 ವಾರ ಬೇಕು, ಮೊದಮೊದಲು ಹೊಟ್ಟೆ ತೊಳಸುವುದು, ತಲೆನೋವು ಬರಬಹುದು ಎಂದು ಮೊದಲೇ ತಿಳಿಸಿದ್ದರಿಂದ ಸುಮಿತ್ರಾ ಹೆದರಲಿಲ್ಲ.

ಆ ವಾರಗಳಲ್ಲಿ ನಾವು ದೊಡ್ಡ ಮಾತಿಗೆ ಹೋಗಲಿಲ್ಲ. ಬೆಳಿಗ್ಗೆ ಎದ್ದು ಸ್ನಾನ, ಕಾಫಿ ಒಣಗಿಸುವ ಕಣದವರೆಗೆ ನಡಿಗೆ, ಇಷ್ಟೇ. ಮನಸ್ಸು ಬರಲಿ ಎಂದು ಕಾಯಬಾರದು, ಮೊದಲು ಕಾಲು ಹೊರಡಬೇಕು. ನಿದ್ದೆ ಸರಿಹೋದ ಮೇಲೆ ಯೋಚನೆಗಳ ಕಡೆ ತಿರುಗಿದೆವು. ಲೆಕ್ಕ ತಪ್ಪಿದ ದಿನ "ನಾನು ಯಾವುದಕ್ಕೂ ಬರಲ್ಲ" ಎನಿಸುತ್ತಿತ್ತಂತೆ. ಹಾಗಾದರೆ ಇಷ್ಟು ವರ್ಷ ಆ ಲೆಕ್ಕ ಬರೆದದ್ದು ಯಾರು ಎಂದು ಕೇಳಿದೆ. ಉತ್ತರವನ್ನು ಅವರೇ ಪುಸ್ತಕದಲ್ಲಿ ಬರೆದುಕೊಂಡರು.

ಯುಗಾದಿ ಹೊತ್ತಿಗೆ ಮುಖದಲ್ಲಿ ಕಳೆ ಬಂತು. ಮತ್ತೆ ಅದೇ ಪ್ರಶ್ನೆ: "ಈಗ ನಿಲ್ಲಿಸಬಹುದು ಅಲ್ವಾ?" ನನ್ನ ಅನುಭವದಲ್ಲಿ ಅಪಾಯದ ಹೊತ್ತು ಇದೇ. ಒಮ್ಮೆ ಖಿನ್ನತೆ ಬಂದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮತ್ತೆ ಬರುತ್ತದೆ. ಎರಡು ಸಲ ಬಂದವರಿಗೆ ಇನ್ನೂ ಜಾಸ್ತಿ. ಅದಕ್ಕೇ ಮೊದಲ ಸಲವಾದರೆ ಪೂರ್ತಿ ಗುಣವಾದ ಮೇಲೂ 6ರಿಂದ 9 ತಿಂಗಳು, ಮರುಕಳಿಸುವ ಭಯವಿದ್ದರೆ 2 ವರ್ಷದವರೆಗೂ ಮಾತ್ರೆ ಮುಂದುವರಿಸಲು ವೈದ್ಯರು ಹೇಳುತ್ತಾರೆ. ಖಿನ್ನತೆಯ ಮಾತ್ರೆಗೆ ಹೆಂಡದಂತೆ ಚಟ ಹತ್ತುವುದಿಲ್ಲ. ಆದರೆ ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಸಿಡುಕು, ಶಾಕ್ ಹೊಡೆದಂಥ ಅನುಭವ ಆಗಬಹುದು. ವೈದ್ಯರು ಹೇಳಿದಂತೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಒಂದು ದಿನ ಅತ್ತೆಯನ್ನೂ ಕರೆಸಿ ಇದನ್ನೇ ವಿವರಿಸಿದೆ. ಅವರ ಕಾಳಜಿ ನಿಜವಾದದ್ದು, ಮಾಹಿತಿ ಮಾತ್ರ ತಪ್ಪಿತ್ತು.

ಆಮೇಲೆ ಮುನ್ಸೂಚನೆಗಳ ಒಂದು ಚೀಟಿ ಮಾಡಿದೆವು: ಜಾವಕ್ಕೇ ಎಚ್ಚರ, ತಂಗಿಯ ಫೋನ್ ಎತ್ತದಿರುವುದು, ಲೆಕ್ಕದ ಪುಸ್ತಕ ತೆರೆಯಲು ಹಿಂಜರಿಕೆ. ಇವು ಒಂದು ವಾರ ಮುಂದುವರಿದರೆ ಕಾಯದೆ ಬರಬೇಕು. ಒಂದು ಪ್ರತಿ ಯಜಮಾನರ ಜೇಬಿನಲ್ಲಿದೆ. ಅದರ ಕೆಳಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದಿದ್ದೇವೆ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಸುಮಿತ್ರಾ ಈಗಲೂ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ನನ್ನ ಬಳಿ ಬರುವುದು ಕಡಿಮೆಯಾಗಿದೆ, ಆದರೆ ಮಳೆ ಹಿಡಿಯುವ ಮೊದಲು ಒಮ್ಮೆ ಬರಲೇಬೇಕೆಂದು ಮಾತಾಗಿದೆ. ಮಾತ್ರೆ ಇಳಿಸುವ ವಿಷಯವನ್ನು ಮುಂದಿನ ಕೊಯ್ಲು ಮುಗಿದ ಮೇಲೆ ನೋಡೋಣ ಎಂದಿದ್ದಾರೆ ವೈದ್ಯರು.