ಗೇರುಬೀಜ ಆಗದ ಮಗಳನ್ನು ಕರೆದುಕೊಂಡು ಬರುವವರಿಗೆ

ಮುಂದಿನ ತಿಂಗಳು ಉಡುಪಿಯಿಂದ ದುಬೈ ಮೇಲೆ ಮ್ಯಾಂಚೆಸ್ಟರ್‌ಗೆ ಬರ್ತಿದ್ದೇವೆ, ಆರು ವರ್ಷದ ಮಗಳಿಗೆ ಗೇರುಬೀಜದ ಅಲರ್ಜಿ ಜೋರು ಉಂಟು, ವಿಮಾನದಲ್ಲಿ ಎಂತ ಮಾಡುವುದು, ಅಲ್ಲಿ ಮನೆ, ಅಕ್ಕಿ ಎಲ್ಲ ಹೇಗೆ ಅಂತ ಕೇಳಿದ್ದೀರಿ. ಕುಚ್ಚಲಕ್ಕಿ ಸಿಗುತ್ತದೆ. ಮನೆ ಬಂದ ಮೇಲೆ ನೋಡಿದರಾಯಿತು.

2009ರಲ್ಲಿ ನಾವು ಬಜ್ಪೆಯಿಂದ ಹೊರಟಾಗ ಮಗನಿಗೆ ಐದು ವರ್ಷ. ಹಿಂದಿನ ರಾತ್ರಿ ಅಮ್ಮ ಕಾಶಿ ಹಲ್ವ ಮಾಡಿದ್ದಳು. ಮೊಮ್ಮಗನ ಪಾಲಿನದ್ದನ್ನು ತಟ್ಟೆಗೆ ಹರವಿ, ಕನ್ನಡಕ ಹಾಕಿಕೊಂಡು, ಚಮಚದ ತುದಿಯಲ್ಲಿ ಗೇರುಬೀಜ ಒಂದೊಂದಾಗಿ ಹೆಕ್ಕಿ ತೆಗೆದಳು. ನಾನು ನೋಡುತ್ತಾ ಕೂತಿದ್ದೆ. ಬೇಡ ಅನ್ನಲು ಬಾಯಿ ಬರಲಿಲ್ಲ.

ವಿಮಾನದಲ್ಲಿ ಎರಡು ಚಮಚ ತಿಂದದ್ದಷ್ಟೇ. ತುಟಿ ಬಾತಿತು, ಕೆಮ್ಮು ಶುರುವಾಯಿತು, ಉಸಿರು ಸುಂಯ್ ಅನ್ನತೊಡಗಿತು. ಡಾಕ್ಟರು ಕೊಟ್ಟ ಅಡ್ರಿನಾಲಿನ್ ಇಂಜೆಕ್ಷನ್ ಲಗೇಜಿಗೆ ಹಾಕಿದ ಸೂಟ್‌ಕೇಸಿನಲ್ಲಿತ್ತು. ವಿಮಾನದ ಕಿಟ್‌ನಲ್ಲಿ ಇದ್ದದ್ದರಿಂದ, ಪ್ರಯಾಣಿಕರಲ್ಲಿ ಒಬ್ಬರು ಡಾಕ್ಟರು ಇದ್ದದ್ದರಿಂದ ಮಗ ಉಳಿದ. ಒಮ್ಮೆ ಇಳಿದ ಅಲರ್ಜಿ ಕೆಲವು ಗಂಟೆ ಬಿಟ್ಟು ಮತ್ತೆ ಏಳಬಹುದು ಅಂತ ರಾತ್ರಿ ದುಬೈ ಆಸ್ಪತ್ರೆಯಲ್ಲಿ ಇಟ್ಟುಕೊಂಡರು.

ಹಾಗಾಗಿ ಮಾರಾಯ್ರೆ, ಇಂಜೆಕ್ಷನ್ ನಿಮ್ಮ ಕಾಲ ಬುಡದ ಚೀಲದಲ್ಲೇ ಇರಲಿ. ಎರಡು ಡೋಸ್, ಜೊತೆಗೆ ಡಾಕ್ಟರ ಚೀಟಿ. ತೊಡೆಯ ಹೊರಬದಿಗೆ ಚುಚ್ಚುವುದನ್ನು ಊರಲ್ಲೇ ಕಲಿತುಕೊಳ್ಳಿ. 5 ನಿಮಿಷದಲ್ಲಿ ಹಿಡಿತಕ್ಕೆ ಬರದಿದ್ದರೆ ಎರಡನೆಯದು. ಅಲರ್ಜಿಯ ಸಿರಪ್ ನಂಬಿ ಕೂರಬೇಡಿ, ಅದು ತುರಿಕೆಗೆ, ಉಸಿರಿಗಲ್ಲ. ಟಿಕೆಟ್ ಮಾಡುವಾಗಲೇ ತಿಳಿಸಿ, ಆದರೆ ಬೀಜ ಇರುವುದೇ ಇಲ್ಲ ಅಂತ ಯಾವ ವಿಮಾನದವರೂ ಖಾತ್ರಿ ಕೊಡುವುದಿಲ್ಲ. ಮನೆಯ ಬುತ್ತಿ ತನ್ನಿ, ಟ್ರೇ ಒರೆಸಿ. ದುಬೈಯ ಸಿಹಿತಿಂಡಿ ಮುಟ್ಟಬೇಡಿ. ಗೇರುಬೀಜ ಆಗದವರಿಗೆ ಹೆಚ್ಚಾಗಿ ಪಿಸ್ತಾವೂ ಆಗುವುದಿಲ್ಲ, ಅಲ್ಲಿ ಅದೇ ಜಾಸ್ತಿ. ಇಲ್ಲಿ ಪರವಾಗಿಲ್ಲ, 2021ರ ಅಕ್ಟೋಬರ್‌ನಿಂದ ಅಂಗಡಿಯಲ್ಲೇ ಮಾಡಿ ಕಟ್ಟಿಟ್ಟ ತಿಂಡಿಯ ಮೇಲೂ ಏನೇನು ಹಾಕಿದ್ದಾರೆ ಅಂತ ಬರೆದಿರುತ್ತಾರೆ.

ಅವತ್ತು ಆಸ್ಪತ್ರೆಯಿಂದಲೇ ಅಮ್ಮನಿಗೆ ಫೋನ್ ಮಾಡಿ, "ನಿನ್ನ ಹಲ್ವ ತಿಂದು ಮಗು ಸಾಯ್ತಿತ್ತು" ಅಂದೆ. ಅವಳು ಮಾತಾಡಲಿಲ್ಲ. ಮತ್ತೆ ಹನ್ನೊಂದು ವರ್ಷ ಬದುಕಿದ್ದಳು. ನಾವು ಊರಿಗೆ ಹೋದಾಗ ಮೊಮ್ಮಗನಿಗೆ ಗಂಜಿ ಬಡಿಸಲಿಕ್ಕೂ ನನ್ನ ಹೆಂಡತಿಯನ್ನೇ ಕರೆಯುತ್ತಿದ್ದಳು.

ನಿಮ್ಮ ಅಮ್ಮ, ಅತ್ತೆಯನ್ನು ಈಗಲೇ ಕೂರಿಸಿಕೊಂಡು ಹೇಳಿ. ಬೀಜ ಹೆಕ್ಕಿದರೆ ಸಾಲದು, ಅದನ್ನು ಹುರಿದ ತುಪ್ಪವೂ ಆಗದು, ಅದೇ ಸಟ್ಟುಗವೂ ಆಗದು ಅಂತ ಸಮಾಧಾನದಲ್ಲಿ ಹೇಳಿ. ಆಮೇಲೆ ಬೇರೆ ಬಾಣಲೆ ಇಟ್ಟು, ಅವರ ಕೈಯಿಂದಲೇ ಚಕ್ಕುಲಿ ಮಾಡಿಸಿ ಡಬ್ಬಿ ತುಂಬಿಸಿಕೊಂಡು ಬನ್ನಿ.